ಎಷ್ಟು ಬೀಗ ಹಾಕಿದರೂ ಸಾಲದ ಬಾಗಿಲು

ಮಗುವಿನ ಹಣೆ ತುಸು ಬೆಚ್ಚಗಾದರೆ ಸಾಕು, ಚಪ್ಪಲಿ ಮೆಟ್ಟುವುದನ್ನೂ ಮರೆತು ಆಸ್ಪತ್ರೆಗೆ ಓಡುವ ನೀವು, ಅದೇ ಮಗು ಒಳಗೊಳಗೇ ಹೆದರಿ ನಡುಗುವಾಗ ಅದಕ್ಕೆ ‘ನಾಟಕ’ ಎಂದು ಹೆಸರಿಟ್ಟು ಮುಖ ತಿರುಗಿಸುವುದು ಯಾವ ನ್ಯಾಯ?

ಕೋಪಿಸಿಕೊಳ್ಳಬೇಡಿ. ಮಕ್ಕಳನ್ನು ಹಿಂಸಿಸುವವರಿಗೆ ಕೇಳಬೇಕಾದ ಪ್ರಶ್ನೆಗಳು ಬೇರೆಯೇ ಇವೆ. ಈ ಪ್ರಶ್ನೆ ಮಕ್ಕಳನ್ನು ಪ್ರಾಣದಂತೆ ಪ್ರೀತಿಸುವವರಿಗೆ. ಪ್ರೀತಿಯೊಂದಿದ್ದರೆ ಸಾಕು, ಮಿಕ್ಕಿದ್ದೆಲ್ಲ ತಾನಾಗಿಯೇ ಸರಿಹೋಗುತ್ತದೆ ಎಂದು ನಂಬಿ ಕುಳಿತುಬಿಡುವವರು ಅವರೇ. ಅಂಥದೊಂದು ಒಳ್ಳೆಯ ಮನೆಯಲ್ಲಿ ನಡೆದದ್ದನ್ನು ಹೇಳುತ್ತೇನೆ, ಕೇಳಿ.

ಬಸ್ ನಿಲ್ದಾಣದ ಹಿಂದಿನ ಬೀದಿಯಲ್ಲಿ ಒಂದು ಬೀಗದ ಅಂಗಡಿ. ಕೆಳಗೆ ಅಂಗಡಿ, ಮೇಲೆ ಮನೆ, ನಡುವೆ ಕಿರಿದಾದ ಕಲ್ಲಿನ ಮೆಟ್ಟಿಲು. ಅಂಗಡಿಯ ಗೋಡೆಯ ತುಂಬ ಕೆತ್ತದ ಬೀಗದ ಕೈಗಳು ಮೊಳೆಗಳಿಗೆ ಜೋತುಬಿದ್ದಿರುತ್ತಿದ್ದವು. ಗಾಳಿ ಬೀಸಿದರೆ ಕಿಣಿಕಿಣಿ ಎನ್ನುತ್ತಿದ್ದವು. ಬೀಗದವನ ಉಗುರುಗಳಲ್ಲಿ ಹಿತ್ತಾಳೆಯ ಪುಡಿ ಸದಾ ಮಿನುಗುತ್ತಿತ್ತು. ಅವನು ಕೆಲಸದಲ್ಲಿ ಒಂದು ನಿಯಮವನ್ನು ಎಂದೂ ಮುರಿದವನಲ್ಲ. ರಿಪೇರಿಯಾದ ಬೀಗವನ್ನು ಗಿರಾಕಿಯೇ ಹಾಕಿ, ಎಳೆದು ನೋಡುವ ತನಕ ಅವನು ಕೂಲಿ ಮುಟ್ಟುತ್ತಿರಲಿಲ್ಲ.

“ಜಗ್ಗಿ ನೋಡಿ ಸ್ವಾಮಿ,” ಎನ್ನುತ್ತಿದ್ದ. “ನನ್ನ ಮಾತು ನಂಬಬೇಡಿ, ನಿಮ್ಮ ಕೈ ನಂಬಿ.”

ಅವನ ಹೆಂಡತಿ ಬಸ್ ನಿಲ್ದಾಣದ ಟಿಕೆಟ್ ಕೌಂಟರಿನಲ್ಲಿ ಕೆಲಸ ಮಾಡುತ್ತಿದ್ದಳು. ಮನೆಯಲ್ಲಿ ಅವನ ತಾಯಿ, ಆರನೆಯ ತರಗತಿಯ ಮಗಳು, ಇನ್ನೂ ಅಂಬೆಗಾಲಿಡುತ್ತಿದ್ದ ಮಗ. ಮಗಳಿಗೆ ಅಜ್ಜಿ ಇಟ್ಟ ಅಡ್ಡಹೆಸರು ಬುಗುರಿ. ನಿಂತಲ್ಲಿ ನಿಲ್ಲದ, ಕೂತಲ್ಲಿ ಕೂರದ ಹುಡುಗಿ. ಮೆಟ್ಟಿಲನ್ನು ಇಳಿದದ್ದಕ್ಕಿಂತ ಹಾರಿದ್ದೇ ಹೆಚ್ಚು. ಮಗನನ್ನು ಎಲ್ಲರೂ ಪಾಪು ಎನ್ನುತ್ತಿದ್ದರು.

ಅಪ್ಪ ಅಮ್ಮ ಕೆಲಸಕ್ಕೆ ಹೋದ ಮೇಲೆ ಬುಗುರಿ ಶಾಲೆಗೆ ಹೊರಡುತ್ತಿದ್ದಳು. ಅವಳು ಹೊರಗೆ ಬಂದೊಡನೆ ಅಜ್ಜಿ ಒಳಗಿನಿಂದ ಚಿಲಕ ಹಾಕುವುದು ವಾಡಿಕೆ. ಒಂದು ದಿನ ಬುಗುರಿ ಹೊರಗೆ ನಿಂತು ಬಾಗಿಲನ್ನು ಜಗ್ಗಿ ನೋಡಿದಳು. ಮರುದಿನವೂ ನೋಡಿದಳು. ಕ್ರಮೇಣ ಜಗ್ಗುವುದರ ಜೊತೆಗೆ ಕೇಳುವುದೂ ಶುರುವಾಯಿತು.

“ಅಜ್ಜೀ, ಚಿಲಕ ಹಾಕಿದ್ಯಾ?”

“ಹಾಕಿದೆ ಕಂದಾ.”

“ಪೂರ್ತಿ ಹಾಕಿದ್ಯಾ?”

“ಪೂರ್ತಿ ಹಾಕಿದೆ.”

“ಒಂದ್ಸಲ ತೆಗೆದು ಮತ್ತೆ ಹಾಕು.”

“ನಿನ್ನ ತಲೆ! ಹೋಗೇ ಸುಮ್ನೆ, ಶಾಲೆ ಗಂಟೆ ಹೊಡೆದಾಯ್ತು.”

ಎದುರು ಅಂಗಡಿಯ ದರ್ಜಿ ಇದನ್ನು ಕಂಡು ನಕ್ಕ. “ಏನಪ್ಪಾ ಬೀಗದಣ್ಣ, ಮಗಳು ಆಗ್ಲೇ ಕೆಲಸ ಕಲಿತುಬಿಟ್ಟಿದ್ದಾಳಲ್ಲ!”

“ರಕ್ತದಲ್ಲೇ ಬಂದಿದೆ ಕಣಯ್ಯಾ,” ಎಂದು ಬೀಗದವನು ಮೀಸೆ ತಿರುವಿದ. “ಬೇರೆ ಮಕ್ಕಳು ಬಾಗಿಲು ಹಾರುಹೊಡೆದು ಓಡ್ತಾವೆ. ನನ್ನ ಮಗಳು ಜಗ್ಗಿ ನೋಡದೆ ಹೆಜ್ಜೆ ಎತ್ತಲ್ಲ.”

ನೋಡಿದಿರಾ? ಮಗು ಹೆದರಿಕೆಯಿಂದ ಮಾಡುತ್ತಿದ್ದುದನ್ನು ತಂದೆ ಜಾಣತನವೆಂದು ಹೊಗಳಿದ. ಬೇರೆ ಮನೆಯಲ್ಲಾಗಿದ್ದರೆ ಯಾರಾದರೂ ಹುಬ್ಬು ಗಂಟಿಕ್ಕುತ್ತಿದ್ದರೇನೋ; ಬೀಗ ಜಗ್ಗುವುದೇ ಕಸುಬಾದ ಮನೆಯಲ್ಲಿ ಅದು ಯಾರಿಗೂ ವಿಚಿತ್ರವೆನಿಸಲಿಲ್ಲ.

ಶಾಲೆಗೆ ತಡವಾಗತೊಡಗಿತು. ಅರ್ಧ ದಾರಿ ಹೋಗಿ ಮತ್ತೆ ಓಡಿ ಬರುತ್ತಿದ್ದಳು. ಜಗ್ಗುತ್ತಿದ್ದಳು, ಕೇಳುತ್ತಿದ್ದಳು, ಹೋಗುತ್ತಿದ್ದಳು, ಮತ್ತೆ ಬರುತ್ತಿದ್ದಳು. ಮೇಷ್ಟರು ಹೇಳಿ ಕಳುಹಿಸಿದಾಗ ಬೀಗದವನು ಮಗಳನ್ನು ಅಂಗಡಿಯ ಸ್ಟೂಲಿನ ಮೇಲೆ ಕೂರಿಸಿಕೊಂಡ.

“ಯಾಕಮ್ಮಾ, ಚಿಲಕದ ಮೇಲೆ ನಂಬಿಕೆ ಇಲ್ವಾ?”

ಬುಗುರಿ ತಲೆ ತಗ್ಗಿಸಿ, ಇಲ್ಲವೆಂಬಂತೆ ತಲೆಯಾಡಿಸಿದಳು.

“ಅಷ್ಟೇ ತಾನೇ! ಅಪ್ಪ ಯಾಕಿರೋದು?”

ಅಂದು ಸಂಜೆಯೇ ಅವನು ಬಾಗಿಲಿಗೆ ತನ್ನ ಅಂಗಡಿಯಲ್ಲೇ ಅತ್ಯುತ್ತಮವಾದ ಬೀಗವನ್ನು ಕೂರಿಸಿದ. ದಪ್ಪ ಉಕ್ಕಿನ ನಾಲಿಗೆ, ಗಟ್ಟಿ ಸ್ಪ್ರಿಂಗು. ಮಗಳ ಮುಖ ಅರಳಿತು. ಅವನ ಎದೆ ಉಬ್ಬಿತು. ಕೆಲವು ದಿನ ಎಲ್ಲ ನೆಟ್ಟಗಿತ್ತು. ಆಮೇಲೆ ಹುಡುಗಿ ಚಿಲಕ ಹಾಕಿದೆಯಾ ಎಂದೂ ಕೇಳತೊಡಗಿದಳು, ಬೀಗ ಹಾಕಿದೆಯಾ ಎಂದೂ ಕೇಳತೊಡಗಿದಳು. ಅಪ್ಪ ಸೋಲೊಪ್ಪುವವನೇ? ಇನ್ನೊಂದು ಬೀಗ ಹಾಕಿದ. ಅಡ್ಡ ಅಗುಳಿ ಹಾಕಿದ. ಕೆಳಗೊಂದು ಕೊಂಡಿ, ಮೇಲೊಂದು ಸರಪಳಿ. ಬೀಗ ಬಲ್ಲವನು ಮಗಳ ಅಂಜಿಕೆಗೆ ಬೀಗವನ್ನಲ್ಲದೆ ಬೇರೇನನ್ನು ತಾನೇ ಕೊಟ್ಟಾನು? ಆದರೆ ಒಂದೊಂದು ಹೊಸ ಬೀಗವೂ ಆ ಮಗುವಿಗೆ ಪರೀಕ್ಷಿಸಬೇಕಾದ ಇನ್ನೊಂದು ವಸ್ತುವಾಯಿತೆಂಬುದು ಅವನಿಗೆ ಹೊಳೆಯಲೇ ಇಲ್ಲ.

“ಏನಯ್ಯಾ, ನಿಧಿಗಿಧಿ ಸಿಕ್ತಾ?” ಎಂದು ದರ್ಜಿ ಕೇಳಿದ.

“ಹಾಲಿನವನು ಬಂದ್ರೆ ಬಾಗಿಲು ತೆಗೆಯೋ ಹೊತ್ತಿಗೆ ಹಾಲು ಮೊಸರಾಗಿರುತ್ತೆ,” ಎಂದು ಅಜ್ಜಿ ಗೊಣಗಿದಳು.

ನಕ್ಕದ್ದು ಸಾಕು. ಆ ಹುಡುಗಿಯ ಬೆರಳುಗಳನ್ನು ನೋಡಿ. ಜಗ್ಗಿ ಜಗ್ಗಿ ಬೆರಳ ಸಂದುಗಳ ಚರ್ಮ ಕಿತ್ತು ಕೆಂಪಾಗಿತ್ತು. ತಲೆ ಬಾಚುವಾಗ ಅದನ್ನು ಮೊದಲು ಕಂಡವಳು ತಾಯಿ. ಮುಲಾಮು ಹಚ್ಚಿದಳು, ಅತ್ತಳು, ಗದರಿದಳು. ಕಡೆಗೆ ಬುಗುರಿ ಶಾಲೆಗೆ ಹೋಗುವುದನ್ನೇ ನಿಲ್ಲಿಸಿದಳು. ಬೆಳಗಿನಿಂದ ಸಂಜೆಯವರೆಗೆ ಬಾಗಿಲಿಗೆ ಬೆನ್ನು ಕೊಟ್ಟು ಕುಳಿತಿರುತ್ತಿದ್ದಳು. ಮೆಟ್ಟಿಲು ಹಾರುತ್ತಿದ್ದ ಮಗು ಹೊಸ್ತಿಲು ದಾಟದಾಯಿತು.

“ಎರಡು ಬಿಗಿದ್ರೆ ತಾನಾಗೇ ಹೋಗ್ತಾಳೆ,” ಎಂದಳು ಅಜ್ಜಿ. “ಓದೋಕೆ ಸೋಮಾರಿತನ, ಅದಕ್ಕೆ ಈ ನಾಟಕ.” ಹೀಗೆ ಹೇಳಿದ ಅಜ್ಜಿಯೇ ಮೊಮ್ಮಗಳಿಗೆ ಬಾಗಿಲ ಬಳಿಯೇ ತಟ್ಟೆ ತಂದುಕೊಟ್ಟು, ಪಕ್ಕದಲ್ಲಿ ಕುಳಿತು ತುತ್ತು ಮಾಡಿ ಬಾಯಿಗಿಡುತ್ತಿದ್ದಳು.

ಹೀಗಿರುವಾಗ ಒಂದು ಮಧ್ಯಾಹ್ನ ಆರೋಗ್ಯ ಕೇಂದ್ರದ ದಾದಿ ಅಂಗಡಿಗೆ ಬಂದಳು. ಔಷಧಿ ಬೀರುವಿನ ಬೀಗದ ಕೈ ಒಳಗೇ ಮುರಿದುಹೋಗಿತ್ತು. ಬೀಗದವನು ಸಾಮಾನು ಜೋಡಿಸಿಕೊಳ್ಳುವಾಗ ಮೇಲಿನಿಂದ ಧಡ್ ಧಡ್ ಎಂಬ ಸದ್ದು ಕೇಳಿಸಿತು.

“ಮೇಲೇನು, ಮರದ ಕೆಲಸ ನಡೀತಿದೆಯಾ?”

“ಇಲ್ಲ ಸಿಸ್ಟರ್, ನನ್ನ ಮಗಳು,” ಎಂದವನು ಎಲ್ಲವನ್ನೂ ಹೇಳಿದ. ಹೊಗಳಿಕೆಯಿಂದ ಆರಂಭವಾದ ಅವನ ಮಾತು ನಡುವೆಯೇ ಬತ್ತಿಹೋಯಿತು. “ಇನ್ನೂ ಒಂದು ಬೀಗ ಇದೆ, ಬ್ಯಾಂಕಿನ ತಿಜೋರಿಗೆ ಹಾಕೋದು. ಅದನ್ನ ತರಿಸೋಣ ಅಂತಿದೀನಿ,” ಎಂದು ಮೆಲ್ಲಗೆ ಹೇಳಿದ.

ದಾದಿ ಮೆಟ್ಟಿಲು ಹತ್ತಿ ಹೋದಳು. ಬುಗುರಿಯ ಪಕ್ಕ ನೆಲದ ಮೇಲೆಯೇ ಕುಳಿತಳು. ಬೈಯಲಿಲ್ಲ, ಬುದ್ಧಿ ಹೇಳಲಿಲ್ಲ. ಆ ಮನೆಯಲ್ಲಿ ಅದುವರೆಗೆ ಯಾರೂ ಕೇಳದಿದ್ದ ಮಾತೊಂದನ್ನು ಕೇಳಿದಳು.

“ಪುಟ್ಟೀ, ಜಗ್ಗದೇ ಹೋದ್ರೆ ಏನಾಗುತ್ತೆ ಅಂತ ಅನ್ಸುತ್ತೆ?”

ಹುಡುಗಿ ಒಳಗೆ ಆಡುತ್ತಿದ್ದ ಪಾಪುವಿನ ಕಡೆ ನೋಡಿದಳು. ಆಮೇಲೆ ದಾದಿಯ ಕಿವಿಯ ಬಳಿ ಬಾಯಿಟ್ಟಳು.

“ಯಾರೋ ಬಂದು ಪಾಪೂನ ಎತ್ಕೊಂಡು ಹೋಗ್ತಾರೆ. ಸಾಯಿಸಿಬಿಡ್ತಾರೆ. ನಾನು ಸರಿಯಾಗಿ ನೋಡ್ಲಿಲ್ಲ ಅಂತ ಹಾಗಾಗುತ್ತೆ. ನಂಗೆ ಆ ಯೋಚನೆ ಬೇಡ ಆಂಟಿ. ಬೇಡ ಅಂದ್ರೂ ಬರುತ್ತೆ. ಹಿಂಗೆ ಯೋಚನೆ ಮಾಡೋಳು ಕೆಟ್ಟ ಅಕ್ಕ ಅಲ್ವಾ?”

ದಾದಿಯ ಹಿಂದೆಯೇ ಬಂದು, ತೆರೆದ ಬಾಗಿಲ ಪಕ್ಕದ ಮೆಟ್ಟಿಲ ಮೇಲೆ ನಿಂತಿದ್ದ ಬೀಗದವನಿಗೂ ಆ ಪಿಸುಮಾತು ಕೇಳಿಸಿತು. ಕೈಯಲ್ಲಿದ್ದ ಚೀಲವನ್ನು ಅಲ್ಲೇ ಇಟ್ಟು ಕುಳಿತುಬಿಟ್ಟ. ಮನೆಯ ತುಂಬ ಪ್ರೀತಿಯಿತ್ತು, ಬಾಗಿಲ ತುಂಬ ಉಕ್ಕಿತ್ತು, ‘ನಿನಗೇನು ಭಯ?’ ಎಂಬ ಸರಳ ಪ್ರಶ್ನೆಯೊಂದು ಮಾತ್ರ ಯಾರ ಬಾಯಿಂದಲೂ ಬಂದಿರಲಿಲ್ಲ. ಇದಕ್ಕಾಗಿ ನನಗೆ ಸಿಟ್ಟು ಬರುತ್ತದೆ. ನಿಮಗೂ ಬರಬೇಕು.

“ಕೆಟ್ಟ ಅಕ್ಕ ಆಗಿದ್ರೆ ಪಾಪೂನ ಕಾಯ್ಕೊಂಡು ಕೂರ್ತಿದ್ಯಾ?” ಎಂದು ದಾದಿ ಅವಳ ಕೆಂಪಾದ ಬೆರಳುಗಳನ್ನು ಹಿಡಿದುಕೊಂಡಳು. “ಇದು ನಿನ್ನ ತಪ್ಪಲ್ಲ. ಕಾಯಿಲೆ ಇರಬಹುದು. ಇಂಥದಕ್ಕೆ ಡಾಕ್ಟರು ಇದಾರೆ.” ಆಮೇಲೆ ಬೀಗದವನ ಕಡೆ ತಿರುಗಿ, “ಜಿಲ್ಲಾಸ್ಪತ್ರೆಯಲ್ಲಿ ಮಕ್ಕಳ ಮನೋವೈದ್ಯರು ಕೂರ್ತಾರೆ. ಕರ್ಕೊಂಡು ಹೋಗಿ. ತಡ ಮಾಡಬೇಡಿ,” ಎಂದಳು.

ಅಜ್ಜಿ ಸೆರಗು ಸಿಕ್ಕಿಸಿ ಎದ್ದಳು. “ಏನು? ಹುಚ್ಚಾಸ್ಪತ್ರೆಗಾ? ನನ್ನ ಮೊಮ್ಮಗಳನ್ನಾ? ಊರೆಲ್ಲ ಬಾಯಿಗೆ ಬಂದಂಗೆ ಆಡ್ಕೊಳ್ಳಲ್ವಾ?”

“ಅಜ್ಜೀ, ನಿಮ್ಮ ಕಣ್ಣಿನ ಪೊರೆ ತೆಗೆಸಿದಾಗ ಊರು ಏನಂತು?”

“ಅದು ಕಣ್ಣು!”

“ಇದು ಮನಸ್ಸು. ಎರಡೂ ಮೈಯಲ್ಲೇ ಇರೋದು.”

“ಮಗೂಗೆ ಎಂಥ ಮನಸ್ಸಿನ ಕಾಯಿಲೆ? ತಿಂದುಂಡು ಆಡೋ ವಯಸ್ಸು. ಸಂಸಾರವಾ, ಸಾಲವಾ?”

“ಹಲ್ಲುನೋವು ವಯಸ್ಸು ಕೇಳಿ ಬರುತ್ತಾ ಅಜ್ಜಿ? ಮಕ್ಕಳಿಗೂ ಬರುತ್ತೆ. ಬೇಗ ತೋರಿಸಿದಷ್ಟೂ ಒಳ್ಳೇದು.”

ಅಜ್ಜಿ ಅತ್ತ ತಿರುಗಿ ಪಾಪುವಿನ ಮೂಗು ಒರೆಸಿದಳು. ಸಂಜೆ ಮನೆಗೆ ಬಂದ ತಾಯಿ ಸುದ್ದಿ ಕೇಳಿ ಒಂದೇ ಮಾತು ಹೇಳಿದಳು: “ನಾಳೆ ನಾನು ರಜಾ ಹಾಕ್ತೀನಿ. ಹೋಗೋಣ.”

ಹೊಸ್ತಿಲು ದಾಟಿಸುವುದೇ ಸಾಹಸವಾಯಿತು. ಪಾಪುವನ್ನೂ ಜೊತೆಗೆ ಕರೆದೊಯ್ಯುವುದೆಂದ ಮೇಲೆಯೇ ಬುಗುರಿ ಎದ್ದಳು. “ನನ್ನೂ ಬಿಟ್ಟು ಹೋಗ್ಬೇಡಿ, ಆ ಡಾಕ್ಟರನ್ನ ನಾಲ್ಕು ಮಾತು ಕೇಳ್ಬೇಕು,” ಎಂದು ಅಜ್ಜಿಯೂ ಹೊರಟಳು.

ವೈದ್ಯೆಯ ಕೋಣೆಯಲ್ಲಿ ಗಿಡ್ಡ ಕುರ್ಚಿಗಳಿದ್ದವು, ತಗ್ಗಿನ ಕಪಾಟಿನಲ್ಲಿ ಮರದ ಗೊಂಬೆಗಳಿದ್ದವು. ಆಕೆ ಮೊದಲು ಬುಗುರಿಯೊಡನೆ ಒಬ್ಬಳೇ ಕುಳಿತು ಮಾತನಾಡಿದಳು. ಬಳಿಕ ಅಪ್ಪ, ಅಮ್ಮ, ಅಜ್ಜಿಯನ್ನು ಕರೆದು ನಿದ್ದೆ, ಊಟ, ಓದು, ಗೆಳತಿಯರು, ಹಳೆಯ ಕಾಯಿಲೆಗಳು ಎಲ್ಲವನ್ನೂ ವಿಚಾರಿಸಿದಳು. ಮೇಷ್ಟರಿಗೆ ಫೋನು ಮಾಡಿ ಅವರ ಮಾತನ್ನೂ ಕೇಳಿದಳು.

“ರಕ್ತ ಪರೀಕ್ಷೆ ಇಲ್ವಾ?” ಎಂದು ಅಜ್ಜಿ ಅನುಮಾನದಿಂದ ಕೇಳಿದಳು. “ಬರೀ ಹರಟೆ ಹೊಡೆದ್ರೆ ರೋಗ ಗೊತ್ತಾಗುತ್ತಾ?”

“ಈ ಕಾಯಿಲೆಯ ಗುರುತು ರಕ್ತದಲ್ಲಿ ಸಿಗಲ್ಲ ಅಜ್ಜಿ. ಬೇರೆ ಏನಾದ್ರೂ ಇದೆ ಅಂತ ಅನುಮಾನ ಬಂದ್ರೆ ಪರೀಕ್ಷೆ ಮಾಡಿಸೋಣ. ಇದನ್ನ ಹಿಡಿಯೋದು ಹೀಗೇ, ಸರಿಯಾದ ಹರಟೆಯಿಂದ,” ಎಂದು ವೈದ್ಯೆ ನಕ್ಕಳು. “ಇದಕ್ಕೆ ಗೀಳು ಕಾಯಿಲೆ ಅಂತಾರೆ. ಬೇಡದ ಯೋಚನೆ ಬಂದು ಹೆದರಿಸುತ್ತೆ. ಹೆದರಿಕೆ ತಗ್ಗಿಸೋಕೆ ಮಗು ಒಂದು ಕೆಲಸವನ್ನ ಮತ್ತೆ ಮತ್ತೆ ಮಾಡುತ್ತೆ. ಮನಸ್ಸಿನಲ್ಲಿ ಅಪಾಯದ ಗಂಟೆ ಇದೆ ಅಂದ್ಕೊಳ್ಳಿ. ಇವಳದು ಕಳ್ಳ ಬರದಿದ್ರೂ ಹೊಡ್ಕೊಳ್ತಿದೆ. ಹಟ ಅಲ್ಲ, ಸೋಮಾರಿತನ ಅಲ್ಲ, ಹುಚ್ಚೂ ಅಲ್ಲ.”

ಬೀಗದವನು ಹಿತ್ತಾಳೆ ಮೆತ್ತಿದ ತನ್ನ ಉಗುರುಗಳನ್ನು ನೋಡಿಕೊಂಡ. “ನನ್ನ ಕಸುಬಿನಿಂದ ಬಂತಾ ಡಾಕ್ಟ್ರೇ? ಜಗ್ಗಿ ನೋಡು ಅಂತ ದಿನಾ ಹೇಳೋನು ನಾನೇ.”

“ಇಲ್ಲ. ನೀವು ಬಡಗಿ ಆಗಿದ್ರೂ ಬರಬಹುದಿತ್ತು. ಕೆಲವು ಮಕ್ಕಳು ಕೈ ತೊಳೀತಾನೇ ಇರ್ತಾರೆ, ಕೆಲವರು ಬರೆದದ್ದನ್ನೇ ಅಳಿಸಿ ಅಳಿಸಿ ಬರೀತಾರೆ. ಕಾಯಿಲೆ ಬಂದಿದ್ದು ಯಾರ ತಪ್ಪೂ ಅಲ್ಲ. ಆದ್ರೆ ಗೊತ್ತಿಲ್ದೇ ಅದಕ್ಕೆ ಊಟ ಹಾಕ್ತಿರೋರು ನೀವು.”

“ಊಟಾನಾ?”

“ನೀವು ಕೂರಿಸಿದ ಒಂದೊಂದು ಬೀಗ. ಅಜ್ಜಿ ಹೇಳಿದ ಒಂದೊಂದು ‘ಹಾಕಿದೆ ಕಂದಾ’. ಆ ಗಳಿಗೆಗೆ ಅವಳಿಗೆ ಸಮಾಧಾನ. ಮರುಗಳಿಗೆ ಕಾಯಿಲೆಗೆ ಇನ್ನೂ ಹಸಿವು.”

ಚಿಕಿತ್ಸೆ ಏನೆಂಬುದನ್ನು ವೈದ್ಯೆ ಬುಗುರಿಗೇ ಹೇಳಿದಳು. ಹೆದರಿಸುವ ಆ ಯೋಚನೆಗೆ ಒಂದು ಹೆಸರಿಡಲು ಹೇಳಿದಾಗ ಹುಡುಗಿ ಯೋಚಿಸಿ “ಗೊಣಗಪ್ಪ” ಎಂದಳು. ಎಷ್ಟೋ ದಿನಗಳ ಮೇಲೆ ಅವಳ ತುಟಿಯಂಚಿನಲ್ಲಿ ನಗು ಕಾಣಿಸಿತು. ವಾರಕ್ಕೊಮ್ಮೆ ಬರಬೇಕು. ಮೊದಲು ಸಣ್ಣ ಭಯ, ಆಮೇಲೆ ದೊಡ್ಡದು: ಗೊಣಗಪ್ಪ ಎಷ್ಟು ಗೊಣಗಿದರೂ ಜಗ್ಗದೆ, ಕೇಳದೆ ಇರುವುದನ್ನು ಮೆಟ್ಟಿಲು ಮೆಟ್ಟಿಲಾಗಿ ಅಭ್ಯಾಸ ಮಾಡಬೇಕು. ಭಯ ಏರುತ್ತದೆ, ಆದರೆ ಏರಿದ್ದು ಏರಿಯೇ ಇರುವುದಿಲ್ಲ. ಕಾಯಿಲೆ ಶಾಲೆಯನ್ನೇ ಬಿಡಿಸುವಷ್ಟು ಬಲಿತಿರುವುದರಿಂದ ಜೊತೆಗೆ ಒಂದು ಮಾತ್ರೆಯನ್ನೂ ಕೊಟ್ಟಳು. ಅದರ ಗುಣ ಕಾಣಲು ಕೆಲವು ವಾರಗಳು ಬೇಕು. ಮಗುವಿನಲ್ಲಿ ಏನೇ ಹೊಸ ಬದಲಾವಣೆ ಕಂಡರೂ ಕೂಡಲೇ ತಿಳಿಸಬೇಕು. ವೈದ್ಯರನ್ನು ಕೇಳದೆ ನಿಲ್ಲಿಸಬಾರದು.

“ಆ ಮಾತ್ರೆ ಚಟ ಆಗುತ್ತಾ?” ಎಂದಳು ಅಜ್ಜಿ.

“ಇಲ್ಲ ಅಜ್ಜಿ. ಆದ್ರೆ ನಿಮ್ಮ ‘ಹಾಕಿದೆ ಕಂದಾ’ ಚಟ ಆಗಿದೆ. ಅದನ್ನ ಮೊದಲು ಬಿಡಿ.”

ಬಿಡುವುದು ಸುಲಭವಾಗಿರಲಿಲ್ಲ. ವೈದ್ಯೆ ಹೇಳಿದಂತೆ ಬೀಗದವನು ವಾರವಾರ ಒಂದೊಂದು ಬೀಗವನ್ನು ಬಿಚ್ಚತೊಡಗಿದ. ಯಾವುದನ್ನು ಬಿಚ್ಚಬೇಕೆಂದು ಆರಿಸುವವಳು ಬುಗುರಿಯೇ. ತಿರುಪುಳಿಯನ್ನೂ ಅವಳೇ ಹಿಡಿಯುತ್ತಿದ್ದಳು. ಆದರೆ ಅಜ್ಜಿ ಒಳಗಿನಿಂದ ಬಾಗಿಲು ಹಾಕಿದ ದಿನ ಹುಡುಗಿ ಏನನ್ನೂ ಕೇಳದೆ ವಿಚಿತ್ರ ನಿರಾಳವಾಗಿ ಮೆಟ್ಟಿಲಿಳಿಯುತ್ತಿದ್ದಳು. ಗುಟ್ಟನ್ನು ವೈದ್ಯೆಯ ಮುಂದೆ ಬುಗುರಿಯೇ ಒಡೆದಳು: “ಅಜ್ಜಿ ಕೆಮ್ತಾಳೆ. ಬಾಗಿಲು ಹಾಕಿದ್ರೆ ಎರಡು ಸಲ.”

ಎಲ್ಲರೂ ಅಜ್ಜಿಯನ್ನು ನೋಡಿದರು.

“ಬಾಯಿಬಿಟ್ಟು ಹೇಳ್ಬೇಡಿ ಅಂದ್ರಿ, ಹೇಳ್ಲಿಲ್ಲ. ಕೆಮ್ಮಬೇಡಿ ಅಂತ ಯಾರು ಅಂದಿದ್ರು?” ಎಂದು ಅಜ್ಜಿ ಮೊದಲು ಜಗಳಕ್ಕೆ ನಿಂತಳು. ಆಮೇಲೆ ಗಿಡ್ಡ ಕುರ್ಚಿಯೊಂದರಲ್ಲಿ ಕುಳಿತುಬಿಟ್ಟಳು. “ಬಾಗಿಲಾಚೆ ಮಗು ಅಳುತ್ತೆ ಕಣಮ್ಮಾ. ಎದೆ ಕಿತ್ತು ಬರುತ್ತೆ. ಹೆಂಗೆ ಸುಮ್ನಿರ್ಲಿ?”

ವೈದ್ಯೆ ಅವಳ ಕೈ ಹಿಡಿದಳು. “ಅವಳು ನಡೆಯೋಕೆ ಕಲಿಯುವಾಗ ಬಿದ್ದು ಅತ್ತಿರಲಿಲ್ವಾ ಅಜ್ಜಿ? ಆಗ ಕೈ ಬಿಟ್ಟವರು ನೀವೇ ಅಲ್ವಾ?”

ಅಜ್ಜಿ ಕೆಮ್ಮು ಬಿಟ್ಟಳು. ಉಳಿದದ್ದು ದೊಡ್ಡ ಮೆಟ್ಟಿಲು: ಪಾಪು ಒಳಗಿರಬೇಕು, ಬಾಗಿಲು ಒಮ್ಮೆ ಮಾತ್ರ ಮುಚ್ಚಬೇಕು, ಬುಗುರಿ ಜಗ್ಗದೆ ಶಾಲೆಗೆ ಹೋಗಬೇಕು.

ಆ ಬೆಳಿಗ್ಗೆ ಅಪ್ಪ ಅಂಗಡಿ ತೆರೆಯದೆ ಮಗಳೊಡನೆ ಮೆಟ್ಟಿಲ ಮೇಲೆ ನಿಂತ. ಬಾಗಿಲು ಮುಚ್ಚಿತು. ಒಳಗಿನಿಂದ ಅಜ್ಜಿಯ ಕೆಮ್ಮು ಕೇಳಲಿಲ್ಲ. ಬುಗುರಿ ಕೈಯನ್ನು ಚೀಲದ ಪಟ್ಟಿಗೆ ಸುತ್ತಿಕೊಂಡು, ಮುಖ ಬಿಳಿಚಿಕೊಂಡು ಅಪ್ಪನನ್ನು ನೋಡಿದಳು.

“ಅಪ್ಪಾ, ಕಚ್ಕೊಂಡಿದೆ ತಾನೇ? ನೀನೇ ಕೂರಿಸಿದ ಬೀಗ. ಸದ್ದು ಕೇಳಿದ್ರೆ ನಿಂಗೆ ಗೊತ್ತಾಗುತ್ತೆ. ಹೂಂ ಅನ್ನು ಸಾಕು.”

ಅವನಿಗೆ ಗೊತ್ತಿತ್ತು. ಬೀಗದ ನಾಲಿಗೆ ಚೌಕಟ್ಟಿನ ತೂತಿನೊಳಗೆ ಬಿದ್ದ ಸದ್ದನ್ನು ಅವನ ಕಿವಿ ಆಗಲೇ ಕೇಳಿತ್ತು. ಜೀವಮಾನವಿಡೀ ಬೀಗದ ವಿಷಯದಲ್ಲಿ ಒಮ್ಮೆಯೂ ತಡವರಿಸದ ಆ ಮನುಷ್ಯ ಮಗಳ ಕಣ್ಣುಗಳನ್ನೇ ನೋಡುತ್ತ ಹೇಳಿದ:

“ಗೊತ್ತಿಲ್ಲ ಮಗಳೇ.”

ಬುಗುರಿ ಅಳುತ್ತ ಮೆಟ್ಟಿಲ ಮೇಲೆ ಕುಸಿದಳು. ಅವನೂ ಪಕ್ಕದಲ್ಲಿ ಕುಳಿತ. ಅಪ್ಪಿಕೊಂಡ, ಉತ್ತರ ಮಾತ್ರ ಕೊಡಲಿಲ್ಲ.

“ಎದೆಯೊಳಗೆ ಇಲಿ ಓಡ್ತಿದೆ ಅಪ್ಪಾ.”

“ಓಡ್ಲಿ. ನಾವು ಕೂತಿರೋಣ.”

ಎದುರು ಅಂಗಡಿಯ ಹೊಲಿಗೆ ಯಂತ್ರ ಒಂದು ಅಂಗಿಯ ತೋಳನ್ನು ಮುಗಿಸಿ ಇನ್ನೊಂದಕ್ಕೆ ಹೋಯಿತು. ಹಾಲಿನವನು ಬಂದು, ಇವರನ್ನು ದಾಟಲಾಗದೆ ಹಾಲಿನ ಪಾತ್ರೆಯನ್ನು ಕೆಳಗೇ ಇಟ್ಟು ಹೋದ. ಹುಡುಗಿಯ ಬಿಕ್ಕು ನಿಧಾನವಾಗಿ ಇಳಿಯಿತು.

“ಇಲಿಗೆ ಸ್ವಲ್ಪ ಸುಸ್ತಾಯ್ತು,” ಎಂದಳು.

“ನಂಗೂ ಆಯ್ತು,” ಎಂದ ಅಪ್ಪ. “ನಡಿ, ಹೋಗೋಣ.”

ಒಂದೇ ದಿನದಲ್ಲಿ ಎಲ್ಲ ಸರಿಯಾಯಿತೆಂದು ಸುಳ್ಳು ಹೇಳಲಾರೆ. ಮರುದಿನ ಅವಳು ಮತ್ತೆ ಜಗ್ಗಿದಳು. ಒಂದು ವಾರ ಗೆದ್ದರೆ ಇನ್ನೊಂದು ವಾರ ಸೋತಳು. ಮಾತ್ರೆಯೂ ಅಭ್ಯಾಸವೂ ಮುಂದುವರಿದವು. ಅವಳು ತಡವಾಗಿ ಬಂದ ದಿನ ಮೇಷ್ಟರು ತರಗತಿಯ ಮುಂದೆ ನಿಲ್ಲಿಸದೆ ಒಳಗೆ ಕರೆದುಕೊಂಡರು. ತಿಂಗಳುಗಳು ಕಳೆದ ಹಾಗೆ ಬಾಗಿಲಿನ ಮೇಲೆ ಬಿಚ್ಚಿದ ಬೀಗಗಳ ತೂತುಗಳಿಗೆ ಮೆತ್ತಿದ ಮೇಣದ ಗುರುತುಗಳಷ್ಟೇ ಉಳಿದವು.

ಹಾಗೊಂದು ಬೆಳಿಗ್ಗೆ ಬುಗುರಿ ಗೆಳತಿಯ ಕೂಗಿಗೆ ಓಗೊಟ್ಟು ಕೆಳಗೆ ಓಡಿದಳು, ಬುತ್ತಿಯನ್ನು ಮರೆತು. ಅಜ್ಜಿ ಬುತ್ತಿ ಹಿಡಿದು ಹಿಂದೆಯೇ ಧಾವಿಸಿದಳು. ಮೇಲೆ ಬಾಗಿಲು ಹಾರುಹೊಡೆದಿತ್ತು. ಹೊಸ್ತಿಲಿಗೆ ಅಡ್ಡ ಹಾಕಿದ ಹಲಗೆಯನ್ನು ಹಿಡಿದು ನಿಂತ ಪಾಪು ಬೀದಿಯನ್ನು ನೋಡಿ ಕೇಕೆ ಹಾಕುತ್ತಿದ್ದ. ಬುಗುರಿ ತಲೆಯೆತ್ತಿ ಅದನ್ನು ಕಂಡಳು. ಅವಳ ಮುಖದ ಮೇಲೆ ಆ ಹಳೆಯ ನೆರಳು ಹಾಯಿತು. ಅಂಗಡಿಯಲ್ಲಿ ಬೀಗದ ಕೈ ಉಜ್ಜುತ್ತಿದ್ದ ಅಪ್ಪನ ಅರ ನಿಂತಿತು. ಅವನು ಏಳಲಿಲ್ಲ.

ಹುಡುಗಿ ಒಮ್ಮೆ ದೀರ್ಘವಾಗಿ ಉಸಿರೆಳೆದಳು. “ಬುತ್ತಿ ಕೊಡಜ್ಜೀ, ತಡ ಆಯ್ತು!” ಎಂದು ಕಸಿದುಕೊಂಡು ತಮ್ಮನಿಗೆ ಕೈ ಬೀಸಿದಳು. ಆಮೇಲೆ ಗೆಳತಿಯ ಹೆಗಲ ಮೇಲೆ ಕೈ ಹಾಕಿ, ಜೋರಾಗಿ ಏನನ್ನೋ ಹೇಳುತ್ತ ತಿರುವಿನಲ್ಲಿ ಮರೆಯಾದಳು.

ಈಗ ನಿಮ್ಮ ಸರದಿ. ನಿಮ್ಮ ಮನೆಯಲ್ಲಿ ಬೀಗ ಜಗ್ಗುವ ಮಗು ಇಲ್ಲದಿರಬಹುದು. ಚರ್ಮ ಕೀಳುವಷ್ಟು ಕೈ ತೊಳೆಯುವ ಮಗು ಇರಬಹುದು. ವಾರಗಟ್ಟಲೆ ನಗದೆ, ಯಾರೊಡನೆಯೂ ಬೆರೆಯದೆ ಮೂಲೆ ಹಿಡಿದ ಮಗ ಇರಬಹುದು. ಶಾಲೆಯ ಹೆಸರೆತ್ತಿದರೆ ಹೊಟ್ಟೆ ಹಿಡಿದುಕೊಳ್ಳುವ, ಊಟ ತಳ್ಳುವ, ನಿದ್ದೆಗೆಟ್ಟ ಮಗಳಿರಬಹುದು. ಎಷ್ಟು ಬೈದರೂ ಒಂದು ಕಡೆ ಗಮನವಿಡಲಾಗದ ಹುಡುಗನಿರಬಹುದು. ಅದನ್ನು ನಾಟಕವೆನ್ನಬೇಡಿ, ಹೊಡೆಯಬೇಡಿ, ಮುಚ್ಚಿಡಬೇಡಿ. ಮಗು ಸಾಯುವ ಮಾತನಾಡಿದರೆ ಅಥವಾ ತನ್ನನ್ನು ತಾನೇ ಗಾಯ ಮಾಡಿಕೊಂಡರೆ ಅದನ್ನು ಒಂಟಿಯಾಗಿ ಬಿಡಬೇಡಿ. ಅಂದೇ ಆಸ್ಪತ್ರೆಗೆ ಕರೆದುಕೊಂಡು ಹೋಗಿ.

ಈ ಹಾಳೆಯನ್ನು ಕೆಳಗಿಡಿ. ನಿಮ್ಮ ಮಗುವಿನ ಪಕ್ಕ ನೆಲದ ಮೇಲೆ ಕುಳಿತು, ‘ನಿನಗೇನು ಭಯ?’ ಎಂದು ಕೇಳಿ. ಉತ್ತರ ಬರುವ ತನಕ ಬಾಯಿ ಮುಚ್ಚಿಕೊಂಡು ಕಾಯಿರಿ. ಬಂದ ಉತ್ತರ ನಿಮ್ಮ ಪ್ರೀತಿಯೊಂದರಿಂದಲೇ ನೀಗುವಂಥದ್ದಲ್ಲ ಎನಿಸಿದರೆ, ಈ ವಾರವೇ ಆ ಮಗುವಿನ ಕೈ ಹಿಡಿದು ವೈದ್ಯರ ಬಾಗಿಲು ತಟ್ಟಿ.